ಚೆಕ್‌ಪೋಸ್ಟಿನಲ್ಲಿ ಕೈತಪ್ಪಿದ ಮೀನು

ದಡದಲ್ಲಿ ನಿಂತು ಸಮುದ್ರಕ್ಕೆ ಗಾಳ ಎಸೆಯುವ ಹುಚ್ಚು ನನಗೆ ಹತ್ತಿ ವರ್ಷಗಳೇ ಆದವು. ಎದುರುಗಾಳಿಯಿದ್ದರೆ ದಾರಕ್ಕೆ ಭಾರದ ಸೀಸದ ಗುಂಡು ಕಟ್ಟಬೇಕು, ಅಲೆ ಎಳೆದಾಗಲೆಲ್ಲ ಮೀನೆಂದು ಕುಣಿಯಬಾರದು, ಇವೆಲ್ಲ ಕಲಿತಿದ್ದೆ. ಕೊಡಗಿಗೆ ವಾಪಸ್ ಬರುವ ದಾರಿಯ ಪಾಠವೊಂದು ಬಾಕಿಯಿತ್ತು.

ಅಂದು ಮೊದಲ ಬಾರಿಗೆ ತೋಳುದ್ದದ ಮೀನು ಸಿಕ್ಕಿತ್ತು. ನಮ್ಮದು ಕೊಡ್ಲಿಪೇಟೆ ಕಡೆಯ, ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಎಂದಿನಂತೆ ಅದನ್ನೂ ನೀರಿಗೇ ಬಿಟ್ಟೆ. ಘಾಟಿ ಹತ್ತಿದರೆ, ಅರಣ್ಯದ ಚೆಕ್‌ಪೋಸ್ಟಿನ ಗಾರ್ಡ್ ನನ್ನ ಗಾಳದ ಕೋಲನ್ನು ಕಾರಿನಿಂದ ಎಳೆದುಕೊಂಡ.

“ಕಾಡಿನ ಹೊಳೇಲಿ ಮೀನು ಹಿಡಿಯೋ ಹಾಗಿಲ್ಲ ಮೇಡಂ. ಕೋಲು ಇಲ್ಲೇ ಇರ್ಲಿ.”

“ಹೊಳೇಲಲ್ಲ, ಸಮುದ್ರದಲ್ಲಿ ಹಿಡಿದದ್ದು.”

“ಹಾಗಾದ್ರೆ ಮೀನು ತೋರ್ಸಿ.”

“ಬಿಟ್ಟುಬಿಟ್ಟೆ.”

“ಫೋಟೋ?”

“ಕೈ ಒದ್ದೆಯಿತ್ತು. ನಾವು ಮೀನು ತಿನ್ನಲ್ಲ.”

“ತಿನ್ನದೋರು ಹಿಡಿಯೋದ್ಯಾಕೆ?”

ಇದನ್ನು ನನ್ನ ಅತ್ತೆಯೂ ಕೇಳುತ್ತಾರೆ. ತೋಳು ಚಾಚಿ ಮೀನಿನ ಉದ್ದ ತೋರಿಸಿದೆ. ಆತ ಕೋಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ನಿಜ ಹೇಳಿದಷ್ಟೂ ನಾನು ಕಳ್ಳಿಯಾಗುತ್ತಿದ್ದೆ. ರೋಸಿಹೋಗಿ, “ಒಂದೂ ಸಿಕ್ಕಲಿಲ್ಲಪ್ಪಾ. ನಿಂತು ನಿಂತು ಕಾಲುನೋವು ಬಂದದ್ದಷ್ಟೇ” ಎಂದೆ.

ಆತನ ಮುಖ ಅರಳಿತು. “ಅದನ್ನ ಮೊದಲೇ ಹೇಳ್ಬಾರ್ದಾ ಅಕ್ಕ? ನಮ್ಮ ಭಾವನೂ ಸಮುದ್ರಕ್ಕೆ ಹೋಗಿ ಹೀಗೇ ಬರಿಗೈಲಿ ಬರ್ತಾನೆ” ಎಂದು ಕೋಲನ್ನು ಹಿಂದಿನ ಸೀಟಿನಲ್ಲಿ ಮೆಲ್ಲಗೆ ಮಲಗಿಸಿದ.

ಸಿಗದ ಮೀನನ್ನು ಸಿಕ್ಕಿತೆಂದು ಹೇಳುವವರನ್ನು ದಡದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಸಿಕ್ಕ ಒಂದೇ ಒಂದು ದೊಡ್ಡ ಮೀನನ್ನು ಇಲ್ಲವೆಂದು ಹೇಳಿ, ಮೇಲಿಂದ ಸಮಾಧಾನವನ್ನೂ ಹೇಳಿಸಿಕೊಂಡು ಬಂದವಳು ಬಹುಶಃ ನಾನೊಬ್ಬಳೇ.