ಅನುಮೋದಿಸಲು ಎದ್ದವಳು

ಪಕ್ಷದ ಶಾಖೆಯಲ್ಲಿ ಎಲ್ಲರೂ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದರು, ಅಧ್ಯಕ್ಷರ ತಂಗಿ ಎಂದು. ವಯಸ್ಸು ಐವತ್ತೆಂಟು. ಗಂಡ ತೀರಿಕೊಂಡ ವರ್ಷವೇ ಅಣ್ಣನ ಮನೆ ಸೇರಿದವಳು. ಅಂಗಿ ಕಾರ್ಖಾನೆಯಲ್ಲಿ ಕಾಜಾ ಹಾಕುವ ಯಂತ್ರದ ಮುಂದೆ ಕೂತೂ ಕೂತೂ ಬಲಗೈ ಮರಗಟ್ಟಿತ್ತು. ಸೂಜಿ ಚುಚ್ಚಿದರೆ ರಕ್ತ ಕಂಡ ಮೇಲೆಯೇ ತಿಳಿಯಬೇಕು.

ಪಕ್ಷದಲ್ಲಿ ಅವಳಿಗಿದ್ದದ್ದು ಒಂದೇ ಕೆಲಸ. ಎರಡು ವರ್ಷಕ್ಕೊಮ್ಮೆ ಅಧ್ಯಕ್ಷರ ಆಯ್ಕೆ. ಯಾರೋ ಒಬ್ಬರು ಅಣ್ಣನ ಹೆಸರು ಸೂಚಿಸುವರು. ಇವಳು ಎದ್ದು “ನನ್ನ ಅನುಮೋದನೆ ಇದೆ” ಎಂದು ಕೂರುವಳು. ಚಪ್ಪಾಳೆ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು.

ಈ ಸಲ ಮೇಲಿನಿಂದ ಕಾಗದ ಬಂತು. ಎರಡು ಅವಧಿ ಮುಗಿಸಿದವರು ಜಾಗ ಬಿಡಬೇಕು. ಹೊಸಬರು ಯಾರೂ ಸಿಗದಿದ್ದರೆ ಮಾತ್ರ ಹಳಬರೇ ಮುಂದುವರಿಯಬಹುದು. ಕೊನೆಯ ಸಾಲನ್ನು ಅಣ್ಣ ಮೂರು ಸಲ ಓದಿದ. ನಾಲ್ಕು ದಿನ ಮನೆಮನೆ ತಿರುಗಿದ. ಸಭೆಯ ದಿನ ಚಪ್ಪಲಿ ಮೆಟ್ಟುತ್ತ ಹೇಳಿದ:

“ಮೇಷ್ಟ್ರು ಆ ಇಸ್ತ್ರಿ ಅಂಗಡಿಯವಳ ಹೆಸರು ಎತ್ತುತ್ತಾರೆ. ಎತ್ತಲಿ. ಅನುಮೋದಿಸೋರು ಇಲ್ದಿದ್ರೆ ಹೆಸರು ಅಲ್ಲೇ ಬಿತ್ತು. ನೀನು ಸುಮ್ನೆ ಕೂತಿರು.”

“ಆಯ್ತಣ್ಣ.”

“ಅವಳು ಇನ್ನೇನು ಮಾಡ್ತಾಳೆ ಬಿಡಿ,” ಒಳಗಿನಿಂದ ಅತ್ತಿಗೆ ನಕ್ಕಳು. “ಊಟಕ್ಕೂ ನೀವು ಸೂಚಿಸ್ಬೇಕು, ಅವಳು ಅನುಮೋದಿಸ್ಬೇಕು.”

ಔಷಧಿ ಅಂಗಡಿಯ ಮಹಡಿಯ ಕೋಣೆ, ಮಡಚುವ ಕುರ್ಚಿಗಳು. ಮೇಷ್ಟ್ರು ಎದ್ದು ಹೆಸರು ಹೇಳಿ ಕೂತರು. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಇಸ್ತ್ರಿಯವಳು ತನ್ನ ಮುಂಗೈಯ ಸುಟ್ಟ ಕಲೆಯನ್ನೇ ನೋಡುತ್ತ ಕೂತಿದ್ದಳು.

“ಅನುಮೋದಿಸುವವರು?” ಮೇಲಿನಿಂದ ಬಂದ ವೀಕ್ಷಕರು ಕೇಳಿದರು.

“ನನ್ನ ಅನುಮೋದನೆ ಇದೆ.”

ತನ್ನದೇ ದನಿ ಕಿವಿಗೆ ಬಿದ್ದಾಗಲೇ ಎದ್ದು ನಿಂತಿರುವುದು ಅವಳಿಗೆ ಗೊತ್ತಾದದ್ದು. ಅಣ್ಣನ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

“ಯೋಚ್ನೆ ಮಾಡಿ ಹೇಳ್ತಿದ್ದೀರೇನಮ್ಮ?” ಎಂದರು ವೀಕ್ಷಕರು.

ತಪ್ಪಾಯಿತು ಎಂದು ಕೂರಬಹುದಿತ್ತು. ಕೂರಲು ನಾಚಿಕೆಯೂ ಆಗಲಿಲ್ಲ, ನಿಲ್ಲಲು ಧೈರ್ಯವೂ ಬೇಕಾಗಲಿಲ್ಲ.

“ಬರ್ಕೊಳ್ಳಿ,” ಎಂದಳು.

ಸಭೆ ಮುಗಿಸಿ ಬರುವಾಗ ಅಣ್ಣ ಹತ್ತು ಹೆಜ್ಜೆ ಮುಂದೆ ನಡೆದ. ಮನೆಯ ಬಾಗಿಲಲ್ಲಿ ತಿರುಗಿದ.

“ಮೈಮರೆತು ಎದ್ಯೋ, ಬೇಕಂತ್ಲೇ ಎದ್ಯೋ?”

ಒಳಗೆಲ್ಲ ಹುಡುಕಿದಳು. ಖಾಲಿ ಡಬ್ಬಿಯಲ್ಲಿ ಕೈಯಾಡಿಸಿದಂತಾಯಿತು. “ಗೊತ್ತಿಲ್ಲಣ್ಣ.”

“ಉಂಡ ಮನೆಗೆ ಎರಡು ಬಗೆದ್ಳು,” ಎಂದಳು ಅತ್ತಿಗೆ. ಆದರೂ ತಟ್ಟೆ ಇಟ್ಟಳು. ಇವಳು ಉಂಡಳು.

ತಿಂಗಳ ಮೇಲೆ ಮತ್ತೆ ಸಭೆ. ಅಣ್ಣ ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಬಂದ, ಬೇರೆ ಕುರ್ಚಿ ಖಾಲಿಯಿರದೆ ಅವಳ ಪಕ್ಕದಲ್ಲೇ ಕೂತ. ಚರಂಡಿಯ ವಿಷಯಕ್ಕೆ ಈಗ ಅಧ್ಯಕ್ಷೆಯಾಗಿದ್ದ ಇಸ್ತ್ರಿಯವಳು ಕೈ ಎತ್ತಲು ಹೇಳಿದಳು. ಇಪ್ಪತ್ತೆರಡು ವರ್ಷ ಬರೀ ಕೈ ಎಣಿಸಿದವನು ಬಗ್ಗಿ ಪಿಸುಗುಟ್ಟಿದ:

“ಯಾವ ಕೈ ಎತ್ಬೇಕು?”

“ಯಾವ್ದಾದ್ರೂ ನಡೆಯುತ್ತಣ್ಣ.”

ಅವನು ಎತ್ತಿದ. ಅವಳೂ ಬಲಗೈ ಎತ್ತಿದಳು. ಎದ್ದಿದೆಯೋ ಇಲ್ಲವೋ ಎಂದು ತಲೆಯೆತ್ತಿ ನೋಡಿಕೊಂಡಳು.