ಭಾವನವರ ವೈಫೈ ಕಳ್ಳ

ಮನೆಯಲ್ಲಿ ಯಾರು ಉಂಡರು, ಯಾರು ಉಣ್ಣದೆ ಮಲಗಿದರು ಎಂಬುದು ನಮ್ಮ ಭಾವನವರಿಗೆ ಗೊತ್ತಿರುವುದಿಲ್ಲ. ಯಾವ ಕೋಣೆಯ ಯಾವ ಮೂಲೆಯಲ್ಲಿ ವೈಫೈ ಎಷ್ಟು ಕಡ್ಡಿ ತೋರಿಸುತ್ತದೆ ಎಂದು ಕೇಳಿ ನೋಡಿ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಿಯಾರು. ಅವರು ನನ್ನ ಅಕ್ಕನ ಗಂಡ. ನಲ್ಲಿ, ಶವರು, ಪೈಪು ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಮ್ಯಾನೇಜರು. ಗಿರಾಕಿಗಳ ಮುಂದೆ ನೀರಿನ ಪ್ರೆಶರ್ ಬಗ್ಗೆ ಭಾಷಣ ಬಿಗಿದು ಬಿಗಿದು ಅದೇ ಚಾಳಿ ಮನೆಗೂ ಬಂದಿದೆ. ಮನೆಗೆ ಬಂದವರಿಗೆ ಕೂತುಕೊಳ್ಳಿ ಎನ್ನುವುದಕ್ಕೂ ಮೊದಲು, "ನಿಮ್ಮನೇಲಿ ಸ್ಪೀಡ್ ಎಷ್ಟು ಬರುತ್ತೆ?" ಎಂದು ಕೇಳುತ್ತಾರೆ. ಬಂದವರು ಪಾಪ ಏನೋ ಒಂದು ಹೇಳುತ್ತಾರೆ. ಅದು ತಮ್ಮದಕ್ಕಿಂತ ಕಡಿಮೆ ಎಂದು ಗೊತ್ತಾದ ಕೂಡಲೇ ಭಾವನವರ ಮುಖದಲ್ಲಿ ಮೂಡುವ ಕರುಣೆ ಇದೆಯಲ್ಲ, ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅವರ ಮನೆ ಮೂರನೇ ಮಹಡಿಯಲ್ಲಿ. ಒಂದು ಹಾಲು, ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಹಾಲಿನಲ್ಲಿ ಟಿವಿಯ ಪಕ್ಕದ ಕಪಾಟಿನ ಮೇಲೆ ರೌಟರ್ ಕೂತಿದೆ. ಅದರ ಧೂಳನ್ನು ಅಕ್ಕ ಒರೆಸುವ ಹಾಗಿಲ್ಲ, ಭಾವನವರೇ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರೆ. ಪಾಸ್‌ವರ್ಡನ್ನು ಯಾರಿಗೂ ಬಾಯಿಬಿಟ್ಟು ಹೇಳಿದವರಲ್ಲ. ಫೋನು ಕೊಡಿ ಎಂದು ಇಸಿದುಕೊಂಡು, ಗೋಡೆಯ ಕಡೆ ತಿರುಗಿ, ತಾವೇ ಒತ್ತಿ ಕೊಡುತ್ತಾರೆ. ಹೆಂಡತಿಯ ತಂಗಿಯಾದ ನನಗೆ ಆ ಭಾಗ್ಯವೂ ಇಲ್ಲ. ನನಗೆ ಸಿಗುವುದು ಅತಿಥಿಗಳಿಗೆಂದೇ ಬೇರೆ ಇಟ್ಟಿರುವ, ಒಂದು ಫೋಟೋ ತೆರೆಯುವಷ್ಟರಲ್ಲಿ ಕಾಫಿ ಆರಿಹೋಗುವ ನೆಟ್ಟು.

ಇಷ್ಟೆಲ್ಲ ಕಾವಲು ಕಾಯ್ದು ಆ ನೆಟ್ಟಿನಲ್ಲಿ ಭಾವನವರು ಮಾಡುವುದಾದರೂ ಏನು? ಸಂಜೆ ಬಂದು ಕಿವಿಗೆ ಹೆಡ್‌ಫೋನ್ ಏರಿಸಿ ಸೋಫಾದಲ್ಲಿ ಕಾಲು ಚಾಚಿದರೆ ಮುಗಿಯಿತು. ಅವರು ಸಿನಿಮಾ ನೋಡುತ್ತಾರೆ ಎಂದು ಹೇಳಲಾರೆ. ಸಿನಿಮಾ ನಿಲ್ಲದೆ ಓಡುತ್ತಿದೆಯೇ ಎಂದು ನೋಡುತ್ತಾರೆ. ಒಮ್ಮೆ, "ಹೇಗಿತ್ತು ಭಾವ, ನಿನ್ನೆಯ ಸಿನಿಮಾ?" ಎಂದು ಕೇಳಿದೆ. "ಅದ್ಭುತ! ಒಂದೇ ಒಂದು ಸಲಾನೂ ಸಿಕ್ಕಿಹಾಕ್ಕೊಳ್ಳಲಿಲ್ಲ," ಎಂದರು. ಕಥೆ ಏನು ಎಂದು ಕೇಳುವಷ್ಟು ತಾಳ್ಮೆ ನನಗೆ ಉಳಿಯಲಿಲ್ಲ.

ಹಾಲಿನ ಗೋಡೆಯ ಆಚೆಗೇ ಭಾವನವರ ಅಮ್ಮನ ಕೋಣೆ. ಕಳೆದ ವರ್ಷ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಆಕೆಯ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿ ಕೂಡಿಸಿದರು. "ಇನ್ನೊಂದು ಸಲ ಬಿದ್ದರೆ ನಮ್ಮ ಕೈಯಲ್ಲಿ ಏನೂ ಇಲ್ಲ, ಆಮೇಲೆ ಹಾಸಿಗೆಯೇ ಗತಿ," ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಈಗ ವಾಕರ್ ಹಿಡಿದು ನಡೆಯುತ್ತಾರೆ, ನೆನಪಿದ್ದರೆ. ಮರೆತರೆ ಕುರ್ಚಿಯ ಕೈ ಹಿಡಿದು ಎದ್ದು ಬರಿಗೈಯಲ್ಲಿ ಹೊರಟೇಬಿಡುತ್ತಾರೆ. ಅಕ್ಕ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಹೋಗುವವಳು. ಹಗಲೆಲ್ಲ ಅವಳಿಗೆ ಸೂಜಿಯ ಮೇಲೆ ಕೂತ ಹಾಗೆ. ಮಗ ಎನಿಸಿಕೊಂಡವರು ಬೆಳಿಗ್ಗೆ ಆ ಕೋಣೆಯ ಬಾಗಿಲಲ್ಲಿ ಒಮ್ಮೆ ಇಣುಕಿ, ತಲೆ ಆಡಿಸಿ, ಹೋಗಿಬಿಡುತ್ತಾರೆ. ಒಳಗೆ ಹೋಗಿ ಕೂರುವುದಿಲ್ಲ. ಕಾರಣವನ್ನು ಅವರೇ ಒಮ್ಮೆ ನನಗೆ ಹೇಳಿದ್ದರು, ನಾಚಿಕೆ ಇಲ್ಲದೆ: "ಆ ರೂಮಲ್ಲಿ ಎರಡೇ ಕಡ್ಡಿ ಬರೋದು ಕಣಮ್ಮ."

ಕೊನೆಗೆ ಅಕ್ಕನೂ ನಾನೂ ಸೇರಿ ನಿಂಬೆಹಣ್ಣಿನ ಗಾತ್ರದ ಒಂದು ಕ್ಯಾಮೆರಾ ತಂದು ಅಕ್ಕನ ಅತ್ತೆಯ ಬೀರುವಿನ ಮೇಲೆ ಕೂರಿಸಿದೆವು. ಅಕ್ಕನ ಫೋನಿನಲ್ಲಿದ್ದ ಪಾಸ್‌ವರ್ಡನ್ನೇ ಅದಕ್ಕೂ ದಾಟಿಸಿದೆವು. ಅದರಲ್ಲಿ ನೋಡಬಹುದು, ಮಾತೂ ಆಡಬಹುದು. ಅತ್ತೆ ಸೊಸೆ ಅದಕ್ಕೊಂದು ಕಟ್ಟುಪಾಡು ಮಾಡಿಕೊಂಡರು. ಏಳಬೇಕೆನಿಸಿದಾಗ ಅತ್ತೆ ಕುರ್ಚಿ ಹಿಡಿದು ಎದ್ದು ನಿಂತು ಬೀರುವಿನ ಕಡೆ ನೋಡಬೇಕು. ಅಲುಗಾಟ ಕಂಡ ಕೂಡಲೇ ಅಕ್ಕನ ಫೋನು ಕುಂಯ್ ಎನ್ನುತ್ತದೆ. "ವಾಕರ್ ಹಿಡ್ಕೊಳ್ಳಿ ಅತ್ತೆ. ಹ್ಞಾ, ಈಗ ಹೊರಡಿ," ಎಂದು ಅಕ್ಕ ಹೇಳುವ ತನಕ ಒಂದು ಹೆಜ್ಜೆಯನ್ನೂ ಕಿತ್ತಿಡುವಂತಿಲ್ಲ. ಅತ್ತೆ ಅದನ್ನು ಶಾಲೆಯ ಮಗುವಿನ ಹಾಗೆ ಪಾಲಿಸುತ್ತಿದ್ದರು. ಕ್ಯಾಮೆರಾದ ವಿಷಯ ಭಾವನವರಿಗೆ ಅಕ್ಕ ಹೇಳಲಿಲ್ಲವೆಂದಲ್ಲ, ಎರಡು ಸಲ ಹೇಳಿದ್ದಳು. ಕಿವಿಯ ಮೇಲೆ ಹೆಡ್‌ಫೋನ್ ಇಟ್ಟುಕೊಂಡೇ ಅವರು ಎರಡು ಸಲವೂ "ಹ್ಞೂ" ಅಂದಿದ್ದರು.

ಆಮೇಲೆ ಭಾವನವರ ಫೋನಿಗೆ ರೌಟರಿನ ಹೊಸ ಆಪ್ ಬಂತು. ಯಾರು ಯಾರು ನೆಟ್ಟು ಬಳಸುತ್ತಿದ್ದಾರೆ ಎಂದು ಎಲ್ಲಿ ಕೂತಾದರೂ ನೋಡಬಹುದು, ಬೇಡದವರನ್ನು ಅಲ್ಲಿಂದಲೇ ಹೊರಗೆ ಹಾಕಬಹುದು. ಭಾವನವರಿಗೆ ಸಿಂಹಾಸನವೇ ಸಿಕ್ಕ ಹಾಗಾಯಿತು. ಅದನ್ನು ತೆರೆದು ನೋಡಿದರೆ, 'ಅಪರಿಚಿತ ಸಾಧನ' ಎಂದು ಒಂದು ಕೂತಿದೆ. ಹಗಲೆನ್ನದೆ ರಾತ್ರಿಯೆನ್ನದೆ ನೆಟ್ಟು ಹೀರುತ್ತಿದೆ! ಮನೆಯಲ್ಲಿ ಒಂದು ಮಾತು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪತ್ತೇದಾರರು ಕೇಳುತ್ತಾರೆಯೇ? ಹೊರಗೆ ಹಾಕುವುದನ್ನು ಯಾರಾದರೂ ನೋಡುವಾಗ ಮಾಡಿ ತೋರಿಸಲೆಂದು ಉಳಿಸಿಕೊಂಡು, ಕಳ್ಳತನವನ್ನು ಪಕ್ಕದ ಮನೆಯ ದರ್ಜಿಯಮ್ಮನ ತಲೆಗೆ ಕಟ್ಟಿದರು. ಆಕೆಯದು ಒಂಟಿ ಜೀವ, ಅತ್ತೆಯ ಕೋಣೆಗೂ ಆಕೆಯ ಹೊಲಿಗೆ ಯಂತ್ರಕ್ಕೂ ಒಂದೇ ಗೋಡೆ. ಭಾವನವರಿಗೆ ಅಷ್ಟು ಸಾಕ್ಷಿ ಸಾಕಾಯಿತು. ಮೆಟ್ಟಿಲಲ್ಲಿ ಎದುರಾದಾಗ, "ಕೆಲವರಿಗೆ ಬಿಟ್ಟಿ ಸಿಕ್ಕಿದ್ರೆ ಹೊತ್ತು ಗೊತ್ತೇ ಇರಲ್ಲ," ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದರು.

ಆಕೆ ನೇರವಾಗಿ ಅಕ್ಕನ ಹತ್ತಿರ ಬಂದಳು. "ನಿಮ್ಮೆಜಮಾನ್ರು ನನಗೆ ಏನೋ ಬಿಟ್ಟಿ ಅಂದ್ರು. ಏನದು? ನನಗೆ ಬಿಟ್ಟಿ ಸಿಗೋದು ಗಿರಾಕಿಗಳ ಬೈಗುಳ ಒಂದೇ." ಅಕ್ಕನಿಗೂ ತಲೆಬುಡ ತಿಳಿಯಲಿಲ್ಲ. ಅವರ ಪರವಾಗಿ ಅವಳೇ ಕ್ಷಮೆ ಕೇಳಿದಳು. ಮದುವೆಯಾದಾಗಿನಿಂದ ಅವಳಿಗೆ ಅದು ಅಭ್ಯಾಸ.

ನಮ್ಮ ಚಿಕ್ಕಪ್ಪ ಕೆಲಸದಿಂದ ನಿವೃತ್ತರಾದ ಸಂತೋಷಕ್ಕೆ ಊಟ ಇಟ್ಟುಕೊಂಡಿದ್ದರು. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆಗೆ ಮರಳಿ ಬರುವುದು ಎಂದಾಯಿತು. ಅಕ್ಕ ಅಡುಗೆ ಮಾಡಿಟ್ಟು, ಬೀಗದ ಕೈಯನ್ನು ದರ್ಜಿಯಮ್ಮನಿಗೆ ಕೊಟ್ಟು, ಮಧ್ಯಾಹ್ನ ಅತ್ತೆಗೆ ಬಡಿಸಲು ಹೇಳಿ ಬಂದಿದ್ದಳು. ಭಾವನವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ರೌಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೊರಡುತ್ತಿದ್ದರೋ ಏನೋ.

ರೈಲಿನಲ್ಲಿ ಭಾವನವರು ಕಿಟಕಿಯ ಪಕ್ಕ, ಅವರ ಪಕ್ಕ ಅಕ್ಕ, ಆಮೇಲೆ ನಾನು. ಎದುರಿನಲ್ಲಿ ಔಷಧಿ ಕಂಪನಿಯ ಪ್ರತಿನಿಧಿಯೊಬ್ಬ, ಕುತ್ತಿಗೆಗೆ ಟೈ, ತೊಡೆಯ ಮೇಲೆ ಚರ್ಮದ ಬ್ಯಾಗು. ಹತ್ತು ಮಾತಾಡುವುದರೊಳಗೆ ಭಾವನವರು ಅವನ ಮನೆಯ ಸ್ಪೀಡ್ ಕೇಳಿ, ಅವನ ಮೇಲೆ ಕರುಣೆ ತೋರಿಸಿ, "ನೋಡಿ ಇಲ್ಲಿ, ಓಡೋ ರೈಲಲ್ಲೂ ಹೇಗೆ ಬರುತ್ತೆ," ಎಂದು ಒಂದು ಸಿನಿಮಾ ಹಚ್ಚಿದರು. ಅದು ಸ್ವಲ್ಪ ಓಡಿತು. ಗುಡ್ಡಗಳು ಶುರುವಾದವು. ಪರದೆಯ ಮೇಲೆ ನಾಯಕ ಬಾಯಿ ತೆರೆದುಕೊಂಡು ನಿಂತುಬಿಟ್ಟ. ನಡುವೆ ಆ ಗುಂಡನೆಯ ಚಕ್ರ ಸುತ್ತತೊಡಗಿತು. ಪ್ರತಿನಿಧಿ ಮರ್ಯಾದಸ್ಥ, ಕಿಟಕಿಯ ಹೊರಗೆ ನೋಡಿದ. ನನಗೆ ಮಾತ್ರ ಒಳಗೊಳಗೇ ಹಬ್ಬ.

ಮಾನ ಉಳಿಸಿಕೊಳ್ಳಲು ಭಾವನವರು ಅಕ್ಕನ ಫೋನಿಗೆ ಬಗ್ಗಿದರು. ಬೆರಳುದ್ದದ ಚಿತ್ರದಲ್ಲಿ, ಮೇಲಿನಿಂದ ಕಂಡಂತೆ, ಕುರ್ಚಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು.

"ಇದೇನು ಧಾರಾವಾಹಿ ಅಂತ ನೋಡ್ತೀಯೇ? ಯಾವಾಗ ನೋಡಿದ್ರೂ ಆ ಮುದುಕಿ ಕೂತೇ ಇರ್ತಾಳೆ. ಕಥೆ ಒಂದಿಂಚು ಮುಂದೆ ಹೋಗಲ್ಲ."

ಅಕ್ಕ ಅವರನ್ನೇ ನೋಡಿದಳು. ಫೋನನ್ನು ತನ್ನ ಕಡೆ ಎಳೆದುಕೊಂಡಳು. ಅದನ್ನು ಕಂಡು ನನಗೆ ಅತ್ತುಬಿಡೋಣ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಆ ಮನುಷ್ಯನ ಕೆನ್ನೆಗೆ ಬಾರಿಸೋಣ ಅನ್ನಿಸಿತು. ಹೆತ್ತ ತಾಯಿಯ ನೆತ್ತಿ ಕಂಡರೆ ಗುರುತು ಸಿಗದ ಮಗನಿಗೆ ಹೈ ಡೆಫಿನಿಷನ್ ಯಾತಕ್ಕೆ?

ಭಾವನವರು ಆಗಲೇ ಪ್ರತಿನಿಧಿಯ ಕಡೆ ತಿರುಗಿದ್ದರು. "ಸಿನಿಮಾ ಬಿಡಿ ಸಾರ್, ನಿಮಗೊಂದು ತಮಾಷೆ ತೋರಿಸ್ತೀನಿ. ನಮ್ಮನೆ ನೆಟ್ಟನ್ನ ಒಬ್ಬಳು ಕದೀತಿದಾಳೆ. ಇಲ್ಲಿಂದಲೇ ಅವಳ ಬಾಲ ಕತ್ತರಿಸ್ತೀನಿ, ನೋಡ್ತಿರಿ." ಆಪ್ ತೆರೆದರು. ಅದು ನಿಧಾನವಾಗಿ ತೆರೆದುಕೊಂಡಿತು.

ಅದೇ ಹೊತ್ತಿಗೆ ಅಕ್ಕನ ಫೋನು ಕುಂಯ್ ಎಂದಿತು. ಅತ್ತೆ ಕುರ್ಚಿಯ ಕೈ ಹಿಡಿದು ಏಳುತ್ತಿದ್ದರು. ಅಕ್ಕ ಫೋನನ್ನು ಬಾಯಿಯ ಹತ್ತಿರ ತಂದು, "ಅತ್ತೆ, ವಾಕ..." ಎನ್ನುವಷ್ಟರಲ್ಲಿ ಚಿತ್ರ ಕಪ್ಪಾಯಿತು.

"ಹೋದಳು!" ಎಂದರು ಭಾವನವರು, ತೊಡೆ ತಟ್ಟಿಕೊಂಡು.

ನಾನು ಅವರ ಫೋನಿನ ಕಡೆ ಬಗ್ಗಿದೆ. "ಭಾವ, ಯಾರನ್ನ ತೆಗೆದ್ರಿ ನೀವು?"

"ಅದೇ, ಅಪರಿಚಿತ ಸಾಧನ. ಪಕ್ಕದ ಮನೆ..."

"ಅದು ಕ್ಯಾಮೆರಾ ರೀ!" ಅಕ್ಕ ಕಿರುಚಿದಳು. ಅಷ್ಟು ಜನರ ನಡುವೆ ಅವಳು ಗಂಡನ ಮೇಲೆ ದನಿ ಏರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಅತ್ತೆ ರೂಮಿನ ಕ್ಯಾಮೆರಾ. ಅವರು ಈಗ ಎದ್ದು ನಿಂತಿದಾರೆ. ವಾಕರ್ ಇಲ್ಲದೆ ನಿಂತಿದಾರೆ. ವಾಪಸ್ ಹಾಕಿ. ಹಾಕಿ ಅಂದೆ!"

"ಯಾವ ಕ್ಯಾಮೆರಾ? ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ನೀವು ಹ್ಞೂ ಅಂದ್ರಿ."

ಭಾವನವರು ಹಾಕಲು ಹೋದರು. ರೈಲು ಸುರಂಗಕ್ಕೆ ನುಗ್ಗಿತು. ಕತ್ತಲಲ್ಲಿ ಅವರ ಫೋನಿನ ಬೆಳಕಷ್ಟೇ, ಅದರಲ್ಲಿ ಸುತ್ತುವ ಚಕ್ರ. ಹೊರಗೆ ಬಂದರೆ ಎರಡೂ ಕಡೆ ಬಂಡೆ, ಒಂದೂ ಕಡ್ಡಿ ಇಲ್ಲ. ಮತ್ತೆ ಇನ್ನೊಂದು ಸುರಂಗ. ಅಕ್ಕ ದರ್ಜಿಯಮ್ಮನಿಗೆ ಮಾಡಿದ ಕರೆ ಹೋಗಲೇ ಇಲ್ಲ. ಭಾವನವರು ಎದ್ದು ಬಾಗಿಲ ಹತ್ತಿರ ಓಡಿದರು. ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದರು, ಕಿಟಕಿಯ ಸರಳಿಗೆ ಒತ್ತಿ ಹಿಡಿದರು, ಮುಚ್ಚಿ ತೆರೆದರು. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. "ಲೋಡ್ ಆಗ್ತಿದೆ, ಆಗ್ತಿದೆ," ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಬೇರೆ ಯಾರೇ ಆಗಿದ್ದರೂ ಅಯ್ಯೋ ಅನ್ನಿಸುತ್ತಿತ್ತು. ನನಗೆ ಅನ್ನಿಸಲಿಲ್ಲ. ನನಗೆ ಕಾಣುತ್ತಿದ್ದದ್ದು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದ ಆ ಒಣ ಬೆರಳುಗಳು ಮಾತ್ರ.

ಗುಡ್ಡಗಳು ಮುಗಿದವು. ಬಯಲು ಬಂತು, ಕಡ್ಡಿಗಳೂ ಬಂದವು. ಅಕ್ಕನ ಕರೆ ಹೋಯಿತು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಓಡಿ ಹೋಗಿ ನೋಡಿ, ದಮ್ಮಯ್ಯ," ಎಂದಳು ಅಕ್ಕ. ಭಾವನವರೂ ಬಂದು ಕೂತರು. ಗುಂಡಿ ಒತ್ತಿ ಕ್ಯಾಮೆರಾವನ್ನು ವಾಪಸ್ ಹಾಕಿದರು. ಅಕ್ಕನ ಫೋನಿನಲ್ಲಿ ಚಿತ್ರ ಮೂಡಿತು.

ಅತ್ತೆ ಬಿದ್ದಿರಲಿಲ್ಲ. ನಾವು ಬಿಟ್ಟಲ್ಲೇ ನಿಂತಿದ್ದರು. ಎರಡೂ ಕೈಯಲ್ಲಿ ಕುರ್ಚಿ ಹಿಡಿದು, ಮಂಡಿ ಗಡಗಡ ನಡುಗುತ್ತಿದ್ದರೂ, ಬೀರುವಿನ ಕಡೆ ಮುಖ ಮಾಡಿಕೊಂಡು ಸೊಸೆಯ ದನಿಗಾಗಿ ಕಾಯುತ್ತಿದ್ದರು. ಅಷ್ಟು ಹೊತ್ತೂ ಒಂದು ಹೆಜ್ಜೆ ಇಟ್ಟಿರಲಿಲ್ಲ.

ಅಕ್ಕ ಫೋನನ್ನು ಗಂಡನ ಮುಖಕ್ಕೆ ಹಿಡಿದಳು. "ನೀವೇ ಹೇಳಿ. ಕೂತ್ಕೊಳ್ಳೋಕೆ ಹೇಳಿ."

ಭಾವನವರು ಫೋನಿನ ಹತ್ತಿರ ಬಾಯಿ ತಂದರು. "ಅಮ್ಮಾ... ಕೂತ್ಕೋ."

ಅತ್ತೆ ಬೆಚ್ಚಿದರು. ಕೂರಲಿಲ್ಲ. ಕುರ್ಚಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದು ಬೀರುವಿನ ಕಡೆ ಕಣ್ಣು ಕಿರಿದು ಮಾಡಿದರು. "ಯಾರಪ್ಪ ಅದು? ನೆಟ್ಟಿನೋರಾ?"

"ನಾನಮ್ಮ. ನಾನು."

"ನಮ್ಮ ಹುಡುಗ ಮನೇಲಿಲ್ಲಪ್ಪ, ರೈಲಲ್ಲಿ ಹೋಗಿದಾನೆ. ಮನೇಲಿದ್ರೂ ಅವನು ಈ ಕಡೆ ಬರಲ್ಲ. ಏನಿದ್ರೂ ನಮ್ಮ ಸೊಸೆ ಹತ್ರ ಮಾತಾಡಿ."

ಫೋನಿನ ದನಿ ಜೋರಾಗಿತ್ತು. ಪ್ರತಿನಿಧಿ ಬ್ಯಾಗಿನ ಜಿಪ್ಪು ಎಳೆದು, ಮತ್ತೆ ಹಾಕಿದ. ಅಕ್ಕ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು, "ಅತ್ತೆ, ನಾನು. ಕೂತ್ಕೊಳ್ಳಿ," ಎಂದಳು.

"ಎಲ್ಲಿ ಹೋಗಿದ್ಯೇ ಇಷ್ಟು ಹೊತ್ತು?" ಎನ್ನುತ್ತ ಅತ್ತೆ ಕೂತರು.