ಗುಡಿ ರಸ್ತೆಗೆ ಮಣ್ಣು

ರಾಯಬಾಗದ ಹತ್ತಿರದ ನಮ್ಮ ದೇವಿಯ ಊರಿಗೆ ಮಾಘದಲ್ಲಿ ಗಡಿಯಾಚೆಯ ಭಕ್ತರು ಚಕ್ಕಡಿ ಹೂಡಿಕೊಂಡು ಬರುತ್ತಾರೆ. ಗುಡಿಯ ಮುಂದೆ ಎತ್ತುಗಳ ಹಣೆಗೆ ಭಂಡಾರದ ಅರಿಶಿನ ಹಚ್ಚಿದ ಮೇಲೆಯೇ ಜನ ಒಳಗೆ ಹೋಗುವುದು. ಹುಟ್ಟಿದಾಗಿನಿಂದ ಇದನ್ನು ಕಂಡವನು ನಾನು. ಆದರೂ ಪಟ್ಟಣ ಪಂಚಾಯಿತಿಯ ಎಂಜಿನಿಯರನಾಗಿ ಗುಡಿ ರಸ್ತೆಗೆ ಕಾಂಕ್ರೀಟ್ ಹಾಕಿಸುವಾಗ ನನ್ನ ತಲೆಯಲ್ಲಿದ್ದದ್ದು ಬರೀ ಕಾರು, ಬಸ್ಸು.

ಗೌಂಡಿಯ ಬೆನ್ನು ಹತ್ತಿ ಕನ್ನಡಿಯಂತೆ ನಯ ಮಾಡಿಸಿದೆ. ಆಗಷ್ಟೇ ಕೊಂಡ ಕ್ಯಾಮೆರಾ ಮೊಬೈಲಿನಲ್ಲಿ ಅದರ ಫೋಟೊ ಹೊಡೆದು ಸಿಕ್ಕವರಿಗೆಲ್ಲ ತೋರಿಸಿದೆ.

ಅವ್ವ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದಳು. "ಕಾಲಿಗಿ ಕಬ್ಬಣದ ನಾಲ ಬಡಿದ ಎತ್ತು ಇದರ ಮ್ಯಾಲ ಹೆಂಗ ನಿಂದ್ರತಾವೊ ಯಪ್ಪಾ?"

"ಸುಮ್ನಿರಬೇ. ನಿನಗೇನ ತಿಳೀತೈತಿ," ಅಂದೆ. ದೊಡ್ಡ ಎಂಜಿನಿಯರ್ ನಾನು.

ಚಕ್ಕಡಿಗಳು ಬರುವ ಮುಂಜಾನೆ, ಧೂಳಿರಬಾರದೆಂದು ಟ್ಯಾಂಕರ್ ತರಿಸಿ ರಸ್ತೆ ತೊಳೆಸಿದೆ. ಮೊದಲು ಬಂದದ್ದು ಕೊಲ್ಲಾಪುರದ ಕಡೆಯ ಅಜ್ಜ. ಪ್ರತಿ ವರ್ಷ ನಮ್ಮ ಹಿತ್ತಲಲ್ಲೇ ಎತ್ತು ಕಟ್ಟುತ್ತಿದ್ದವನು. ಅವನ ಎಡಗಡೆಯ ಎತ್ತು ಕರುವಾಗಿದ್ದಾಗ ಸಾವಿನ ಬಾಯಿಂದ ಉಳಿದದ್ದು. ಅದರ ಮೈಯಲ್ಲಿ ಕಸುವಿರುವ ತನಕ ಅದನ್ನು ನಡೆಸಿಕೊಂಡೇ ದೇವಿಯ ಮುಂದೆ ತರುತ್ತೇನೆಂದು ಅಜ್ಜ ಹರಕೆ ಹೊತ್ತಿದ್ದ. ಈಗ ಅದಕ್ಕೂ ಮುಪ್ಪು. ಬರುವ ಮಾಘವೇ ಕೊನೆಯ ಸಲ ಎಂದು ಹಿಂದಿನ ವರ್ಷ ಹೇಳಿ ಹೋಗಿದ್ದ.

ಕಾಂಕ್ರೀಟಿಗೆ ಕಾಲಿಟ್ಟದ್ದೇ ತಡ, ಆ ಎತ್ತು ಜಾರಿ ಮೊಣಕಾಲೂರಿ ಬಿತ್ತು. ನೊಗ ಬಿಚ್ಚಿ ಎಬ್ಬಿಸಿದರೆ ಮತ್ತೆ ಜಾರಿತು. ಮೊಣಕಾಲಿನ ತೊಗಲು ಕಿತ್ತು ರಕ್ತ ಬರುತ್ತಿತ್ತು. ಗುಡಿ ಎದುರಿಗೇ ಕಾಣುತ್ತಿತ್ತು. ಟೆಂಪೊದಲ್ಲಿ ಹೇರಿ ಒಯ್ಯೋಣ ಎಂದು ಯಾರೋ ಅಂದರೆ, ಅಜ್ಜ ಬೇಡವೆಂದು ತಲೆಯಾಡಿಸಿದ.

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಪಾಡಿತ್ತು. ಹೆಗಲ ಕಂಬಳಿ ತೆಗೆದು ಎತ್ತಿನ ಕಾಲ ಮುಂದೆ ಹಾಸಿ, ಮಗನನ್ನು ಕರೆಯುವಂತೆ ನನ್ನ ಕಡೆ ತಿರುಗಿ, "ಬಾಳಾ, ಗೊರಸಿಗಿ ಮಣ್ಣ ಬೇಕೋ," ಅಂದ, ಅಷ್ಟೇ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ ನನಗೆ. ಅವ್ವ ಆಗಲೇ ಹಿತ್ತಲ ಮಣ್ಣನ್ನು ಬುಟ್ಟಿಗೆ ತುಂಬುತ್ತಿದ್ದಳು. ನಾನೂ ಬುಟ್ಟಿ ಹೊತ್ತೆ, ಓಣಿಯವರು ಕೈಜೋಡಿಸಿದರು. ಮಣ್ಣು ಬಿದ್ದಷ್ಟು ದೂರ ಎತ್ತು ಕುಂಟುತ್ತ ನಡೆಯಿತು, ನಿಂತಿತು, ಮತ್ತೆ ನಡೆಯಿತು. ಕೊನೆಗೆ ಗುಡಿಯ ಮುಂದೆ ಅಜ್ಜ ಅದರ ಹಣೆಗೆ ಭಂಡಾರ ಹಚ್ಚಿ, ಕೊರಳು ತಬ್ಬಿಕೊಂಡು ಅತ್ತ.

ಮರುದಿನ ನನ್ನ ಮೇಲಧಿಕಾರಿ ರಸ್ತೆ ನೋಡಲು ಬಂದರು. "ಇದೇನ್ರಿ, ಹೊಸಾ ರಸ್ತೆ ಮ್ಯಾಲ ಮಣ್ಣ? ಯಾರ ಕೆಲಸ ಇದು?"

"ನಂದ್ರಿ ಸಾಹೇಬ್ರ," ಅಂದೆ. "ಕೆಳಗಿಂದೂ ನಂದ, ಮ್ಯಾಲಿಂದೂ ನಂದ."